ಎಂಜಿನ್‌ಗೆ ಬೆಂಕಿ ಹಾಕಲು ಆತುರ ಬೇಡ

ವಡೋದರಾದ ನಮ್ಮ ಕನ್ನಡ ಬಾಂಧವರಲ್ಲಿ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಆಗಿ ದುಡಿದು ನಿವೃತ್ತರಾದವರಿದ್ದಾರೆ. ಅಂಥ ಹಿರಿಯರೊಬ್ಬರು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಹಿಂದೆ ನೀರೆತ್ತಲು ಬಳಸುತ್ತಿದ್ದ ಉಗಿ ಎಂಜಿನ್ ಒಂದನ್ನು ದುರಸ್ತಿ ಮಾಡುತ್ತಿರುವುದು ಸಂಘದ ಹಲವರಿಗೆ ತಿಳಿದಿದೆ. ತೂಕಕ್ಕೆ ಕೊಂಡು ತಂದ ಮಾಲು. ಇಲ್ಲಿ ಗುಜರಿಗೆ ‘ಭಂಗಾರ್’ ಎನ್ನುತ್ತಾರೆ. ಅವರ ಪಾಲಿಗೆ ಅದು ಕನ್ನಡದ ಬಂಗಾರವೇ ಆಗಿದೆ.

ಈ ಬಾರಿಯ ರಾಜ್ಯೋತ್ಸವಕ್ಕೆ ಅದಕ್ಕೆ ಬೆಂಕಿ ಹಾಕಿ, ಸಭಾಂಗಣದ ಅಂಗಳದಲ್ಲಿ ನಡೆಸಿ ತೋರಿಸಬೇಕೆಂದು ಕೆಲವು ಉತ್ಸಾಹಿ ಸದಸ್ಯರು ಸೂಚಿಸಿದ್ದಾರೆ. ಅವರ ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಇದಕ್ಕೆ ನನ್ನ ವಿರೋಧವಿದೆ.

ಶೆಡ್ಡಿಗೆ ಹೋಗಿ ನೋಡಿ ಬಂದೆ. ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿತ್ತಂತೆ. ಸುತ್ತಿಗೆಯಿಂದ ಬಡಿದರೆ ಬೀಡುಕಬ್ಬಿಣ ಒಡೆದೀತೆಂದು ವಾರಗಟ್ಟಲೆ ಸೀಮೆಎಣ್ಣೆ ಸುರಿದು, ಕಾದು, ಕೂದಲೆಳೆಯಷ್ಟೇ ಸರಿಸುತ್ತಾ ಬಿಡಿಸಿದ್ದಾರೆ. ಬಿಚ್ಚಿದ ಪ್ರತಿ ನಟ್ಟಿಗೂ ಒಂದು ಚೀಟಿ, ಅದೂ ಕನ್ನಡದಲ್ಲಿ! ಈ ಭಾಗ ಬೇಗ ಸರಿಹೋದೀತು. ಚಿಂತೆ ಇರುವುದು ಬಾಯ್ಲರಿನದು. ಹೊರಗೆ ಬಣ್ಣ ಎಷ್ಟೇ ಹೊಳೆದರೂ ತುಕ್ಕು ತಿಂದ ಒಳತಗಡು ಎಷ್ಟು ತೆಳುವಾಗಿದೆಯೆಂದು ಕಣ್ಣಿಗೆ ಕಾಣದು. ಅದಕ್ಕೇ ಮೊದಲು ತಣ್ಣೀರು ತುಂಬಿ, ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವುದು. ನೀರಿದ್ದಾಗ ಬಿರಿದರೆ ಸೋರಿ ನಿಲ್ಲುತ್ತದೆ. ಉಗಿಯಿದ್ದಾಗ ಬಿರಿದರೆ ಬಾಂಬಿನಂತೆ ಸಿಡಿಯುತ್ತದೆ. 1923ರ ಬಾಯ್ಲರ್ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದರೂ ತಪಾಸಣೆಯ ನಿಯಮ ಹೋಗಿಲ್ಲ. ಸುತ್ತ ನಿಂತು ನೋಡುವವರು ನಮ್ಮದೇ ಮಕ್ಕಳು.

ನಮ್ಮ ನೆರೆಯ ಡಭೋಯಿಯನ್ನೇ ನೋಡಿ. ಗಾಯಕವಾಡರ ಸಂಸ್ಥಾನದಲ್ಲಿ 1862ರಲ್ಲಿ ಡಭೋಯಿ–ಮಿಯಾಗಾಂ ನಡುವೆ ನ್ಯಾರೋಗೇಜ್ ಹಳಿ ಬಿತ್ತು. ಮರುವರ್ಷವೇ ಎಂಜಿನ್ ಬಂದರೂ ಹಳಿ ಅದರ ಭಾರ ತಾಳದ್ದರಿಂದ ಗಾಡಿಗಳನ್ನು ಎತ್ತುಗಳೇ ಎಳೆದವು. ಉಗಿ ಎಂಜಿನ್‌ಗಳು ಕ್ರಮವಾಗಿ ಓಡಿದ್ದು 1873ರಿಂದ. ಸಂಸ್ಥಾನವೇ ಹತ್ತು ವರ್ಷ ಕಾದಿರುವಾಗ ನಮಗೆ ನವೆಂಬರ್ ಒಂದರ ಅವಸರವೇಕೆ?

ರಾಜ್ಯೋತ್ಸವದಂದು ಬಾಯ್ಲರನ್ನು ಶೆಡ್ಡಿನಲ್ಲೇ ಬಿಟ್ಟು, ಎಂಜಿನ್ ಮಾತ್ರ ತಂದು ಕಂಪ್ರೆಸರಿನ ಗಾಳಿಯಿಂದ ಚಕ್ರ ತಿರುಗಿಸಿ ತೋರಿಸಲಿ. ಅದಕ್ಕಿಂತ ಮೊದಲು ಐಟಿಐ, ಡಿಪ್ಲೊಮಾ ಓದುವ ನಮ್ಮ ಹುಡುಗರು ಭಾನುವಾರಗಳಲ್ಲಿ ಅಲ್ಲಿಗೆ ಹೋಗಲಿ. ಬೇರಿಂಗಿಗೆ ವೈಟ್‌ಮೆಟಲ್ ಎರೆದು ಕೆರೆದು ಕೂರಿಸುವ ಕೆಲಸ ಅವರಿಗೆ ಇನ್ನೆಲ್ಲಿ ಕಲಿಯಲು ಸಿಕ್ಕೀತು? ಹಿರಿಯರಿಗೆ ಈಗಾಗಲೇ ಕೈ ನಡುಗುತ್ತದೆ, ಹಿಡಿದುಕೊಳ್ಳಲು ಜೊತೆಗೊಬ್ಬರು ಬೇಕು.

ಬಾಯ್ಲರ್ ಪರೀಕ್ಷೆಯ ಖರ್ಚನ್ನು ಸಂಘ ಭರಿಸುವ ವಿಷಯ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಬರಲಿ. ನನ್ನ ಪಾಲನ್ನು ಅಂದೇ ಕೊಡುತ್ತೇನೆ.