ಸೂಜಿಯ ಲೆಕ್ಕ, ಶಾಖದ ಲೆಕ್ಕ

ಇಂಜೆಕ್ಷನ್ ಎಂದೊಡನೆ ಅಮ್ಮನ ಹಿಂದೆ ಅಡಗಿಕೊಳ್ಳುವ ಮಕ್ಕಳೇ, ನಿಮಗೊಂದು ಪ್ರಶ್ನೆ. ಸೂಜಿ ಚುಚ್ಚಿದರೆ ನೋವು ಬರಬೇಕು ತಾನೆ? ಹಾಗಿದ್ದ ಮೇಲೆ, ನೋವು ಹೋಗಲಿ ಎಂದೇ ದುಡ್ಡು ಕೊಟ್ಟು ಹತ್ತು ಹನ್ನೆರಡು ಸೂಜಿ ಚುಚ್ಚಿಸಿಕೊಳ್ಳುವವರು ಇದ್ದಾರಲ್ಲ, ಅದು ಹೇಗೆ? ಈ ವಾರ ಆಕ್ಯುಪಂಕ್ಚರ್ ವಿಷಯ ಮಾತಾಡೋಣ.

ಅದಕ್ಕೊಂದು ಕಾರಣವೂ ಇದೆ. ಈಚೆಗೆ ನಮ್ಮ ಬಡಾವಣೆಯಲ್ಲಿ ಪೇಪರಿನೊಳಗೆ ಇಟ್ಟು ಒಂದು ಕರಪತ್ರ ಹಂಚಿದರು. ಮಂಡಿನೋವು, ಶುಗರ್, ಬಿಪಿ, ಥೈರಾಯ್ಡ್ ಎಲ್ಲಕ್ಕೂ ಸೂಜಿಯೇ ಮದ್ದು, ಮಾತ್ರೆ ಬಿಟ್ಟುಬಿಡಿ ಎಂದು ಅದರಲ್ಲಿತ್ತು. ನಮ್ಮ ಮನೆಯವರಿಗೆ ಮಂಡಿನೋವೂ ಇದೆ, ಶುಗರೂ ಇದೆ. ಅದನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ತಾಳೆ ನೋಡುವುದು ಕೈಗೆ ಅಂಟಿದ ಅಭ್ಯಾಸ. ಸೂಜಿಗೂ ಒಂದು ಲೆಕ್ಕ ಬರೆಯೋಣ ಎಂದು ಕೂತೆ.

ಚೀನೀಯರು ಈ ಚಿಕಿತ್ಸೆಯನ್ನು 'ಝೆನ್‌ಜಿಯು' ಎನ್ನುತ್ತಾರೆ. ಝೆನ್ ಎಂದರೆ ಸೂಜಿ, ಜಿಯು ಎಂದರೆ ಸೊಪ್ಪು ಉರಿಸಿ ಶಾಖ ಕೊಡುವುದು. ಎರಡೂ ಜೋಡಿ. ಮೈಯಲ್ಲಿ 'ಚೀ' ಎಂಬ ಪ್ರಾಣಶಕ್ತಿ 14 ದಾರಿಗಳಲ್ಲಿ ಹರಿಯುತ್ತದೆ, ದಾರಿ ಕಟ್ಟಿಕೊಂಡರೆ ರೋಗ, ದಾರಿಯುದ್ದಕ್ಕೂ ಇರುವ 361 ಬಿಂದುಗಳಲ್ಲಿ ಸೂಜಿ ಇಟ್ಟರೆ ಹರಿವು ಸರಿಯಾಗುತ್ತದೆ ಎಂಬುದು ಅವರ ಶಾಸ್ತ್ರ. ಇಷ್ಟು ಬಿಂದುಗಳನ್ನು ನೆನಪಿಡುವುದು ಸುಲಭವೇ? ಅದಕ್ಕಾಗಿ ಸುಮಾರು 1027ರಲ್ಲಿ ವಾಂಗ್ ವೇಯಿ ಎಂಬ ವೈದ್ಯರು ಆಳೆತ್ತರದ ಎರಡು ಕಂಚಿನ ಬೊಂಬೆ ಎರಕ ಹೊಯ್ಯಿಸಿದರು. ಬಿಂದುವಿರುವಲ್ಲೆಲ್ಲ ತೂತು. ಪರೀಕ್ಷೆಯ ದಿನ ಮೇಲೆ ಮೇಣ ಬಳಿದು, ಒಳಗೆ ನೀರು ತುಂಬಿಸಿ ನಿಲ್ಲಿಸುತ್ತಿದ್ದರಂತೆ. ವಿದ್ಯಾರ್ಥಿ ಚುಚ್ಚಿದ ಜಾಗ ಸರಿಯಿದ್ದರೆ ನೀರು ಚಿಮ್ಮುತ್ತದೆ, ಪಾಸ್. ನೀರು ಬರದಿದ್ದರೆ ಫೇಲ್!

ಈ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಅದರೊಳಗೆ ಟೊಳ್ಳಿಲ್ಲ, ಔಷಧಿಯೂ ಇಲ್ಲ. ಬಲು ತೆಳು, ಸುಮಾರು ಕಾಲು ಮಿಲಿಮೀಟರ್ ದಪ್ಪ. ಒಳಗೆ ಹೋದ ಮೇಲೆ ವೈದ್ಯರು ಮೆಲ್ಲಗೆ ತಿರುವುತ್ತಾರೆ. ಆಗ ಜೋಮು ಹಿಡಿದಂತೆ, ಭಾರವಾದಂತೆ ಅನಿಸುತ್ತದೆ. ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಬಿಟ್ಟು ತೆಗೆಯುತ್ತಾರೆ.

ಶಾಖಕ್ಕೆ ಬಳಸುವ ಸೊಪ್ಪು ನಮಗೆ ದೂರದ್ದಲ್ಲ. ಹೂವಿನ ಜೊತೆ ಕಟ್ಟುವ ದವನದ ಕುಲಕ್ಕೇ ಸೇರಿದ ಗಿಡ. ಎಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಹತ್ತಿಯಂಥ ನಾರು ಉಳಿಯುತ್ತದೆ. ಜಪಾನೀಯರು ಅದನ್ನು 'ಮೊಗುಸಾ' ಎಂದರು, ಅದೇ 'ಮಾಕ್ಸಾ' ಆಯಿತು. ಅದನ್ನು ಚುಟ್ಟಾದಂತೆ ಸುತ್ತಿ, ಹಚ್ಚಿ, ಕೆಂಡದ ತುದಿಯನ್ನು ಚರ್ಮಕ್ಕೆ ತಾಗಿಸದೆ ಹತ್ತಿರ ಹಿಡಿಯುತ್ತಾರೆ. ಚರ್ಮ ಕೆಂಪಾಗುತ್ತದೆ, ರಕ್ತನಾಳ ಅಗಲವಾಗುತ್ತದೆ, ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಉಪ್ಪು ಹುರಿದು ಗಂಟು ಕಟ್ಟಿ ಕೊಡುತ್ತಿದ್ದ ಶಾಖವೂ ಇದೇ ಕೆಲಸ ಮಾಡುತ್ತಿತ್ತು.

ಜಗತ್ತಿಗೆಲ್ಲ ಈ ವಿದ್ಯೆಯ ಹೆಸರು ಹರಡಿದ್ದು ಒಬ್ಬ ಪತ್ರಕರ್ತರ ಹೊಟ್ಟೆನೋವಿನಿಂದ. 1971ರ ಜುಲೈನಲ್ಲಿ ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅವರಿಗೆ ಅಪೆಂಡಿಸೈಟಿಸ್ ಆಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ ಹೊಟ್ಟೆ ಉಬ್ಬರಿಸಿ ಸಂಕಟ. ಆಗ ಒಬ್ಬ ವೈದ್ಯರು ಬಲ ಮೊಣಕೈಗೂ ಮಂಡಿಗಳ ಕೆಳಗೂ ಸೂಜಿ ಇಟ್ಟು, ಸೊಪ್ಪಿನ ಬತ್ತಿ ಹಚ್ಚಿ ಹೊಟ್ಟೆಯ ಬಳಿ ಹಿಡಿದರು. ಒಂದು ಗಂಟೆಯೊಳಗೆ ಹಗುರವಾಯಿತು. ರೆಸ್ಟನ್ ಅದನ್ನು ಪತ್ರಿಕೆಯಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ, ಸೂಜಿ ಚುಚ್ಚಿಯೇ ಅವರಿಗೆ ಆಪರೇಷನ್ ಮಾಡಿದರಂತೆ ಎಂದಾಯಿತು! ನಿಜವಾಗಿ ಆಪರೇಷನ್ ನಡೆದದ್ದು ಎಂದಿನಂತೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟೇ. ಕೆಟ್ಟ ಕರುಳನ್ನು ತೆಗೆದದ್ದು ಸರ್ಜನ್ನರ ಕತ್ತಿ. ಸೂಜಿ ಬಂದದ್ದು ಆಮೇಲೆ. ಈ ಕ್ರಮವನ್ನು ನೆನಪಿಡಿ.

ಸರಿ, ಮೈಯೊಳಗೆ ಏನಾಗುತ್ತದೆ? ಮೊಣಕೈ ಬಾಗಿಲಿಗೆ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೀರಿ, ನೋವು ಸ್ವಲ್ಪ ತಗ್ಗುತ್ತದೆ. ಉಜ್ಜಿದ ಸುದ್ದಿ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಅಡ್ಡ ಬರುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿದರು. ಸೂಜಿಯೂ ಹೀಗೆ ಒಂದು ಸುದ್ದಿ ಕಳಿಸುತ್ತದೆ. ಇನ್ನೊಂದು ಸಂಗತಿ: ನಮ್ಮ ಮಿದುಳು ಎಂಡಾರ್ಫಿನ್ ಎಂಬ ನೋವು ನಿವಾರಕವನ್ನು ತಾನೇ ತಯಾರಿಸುತ್ತದೆ. ಅದರ ಕೆಲಸವನ್ನು ತಡೆಯುವ ನಾಲಾಕ್ಸೋನ್ ಎಂಬ ಔಷಧಿಯಿದೆ. ಕೆನಡಾದ ಬ್ರೂಸ್ ಪೊಮೆರಾನ್ಜ್ 1976ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ನಾಲಾಕ್ಸೋನ್ ಕೊಟ್ಟರೆ ಸೂಜಿಯಿಂದಾದ ನೋವುಶಮನ ಇಲ್ಲವಾಗುತ್ತದೆ ಎಂದು ತೋರಿಸಿದರು. ಅಂದರೆ ಸೂಜಿ ಮೈಯ ಸ್ವಂತ ಔಷಧಿ ಅಂಗಡಿಯ ಬಾಗಿಲು ತಟ್ಟುತ್ತದೆ. ಇದು ಜಮಾ ಕಡೆಗೆ.

ಈಗ ತಾಳೆ ನೋಡೋಣ. ಜರ್ಮನಿಯಲ್ಲಿ ಮಂಡಿ ಸವೆತದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಬಂತು. ಶಾಸ್ತ್ರದ ಪ್ರಕಾರ ಸೂಜಿ ಇಟ್ಟ ಗುಂಪಿನಲ್ಲಿ ನೂರಕ್ಕೆ 53 ಜನರಿಗೆ ಗುಣ ಕಂಡಿತು. ಸೂಜಿಯಿಲ್ಲದೆ ವೈದ್ಯರ ಸಲಹೆ, ಮಾತ್ರೆಗಳಲ್ಲೇ ಮುಂದುವರಿದವರಲ್ಲಿ 29 ಜನರಿಗೆ. ಭಲೇ ಎನ್ನಬೇಡಿ, ಮೂರನೆಯ ಗುಂಪು ಬಾಕಿ ಇದೆ. ಅವರಿಗೆ ಬಿಂದುವೇ ಅಲ್ಲದ ಜಾಗದಲ್ಲಿ, ಮೇಲೆ ಮೇಲೆ ಸುಮ್ಮನೆ ಚುಚ್ಚಿದ್ದರು. ಅಲ್ಲೂ 51 ಜನರಿಗೆ ಗುಣ!

ಹಾಗಾದರೆ ಕಂಚಿನ ಬೊಂಬೆಯ ಪರೀಕ್ಷೆ ಏನಾಯಿತು? ಈ ಲೆಕ್ಕದಲ್ಲಿ ಯಾವ ಬಿಂದು ಎಂಬುದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. ಚುಚ್ಚಿದ ಪ್ರಚೋದನೆ, ಅರ್ಧ ಗಂಟೆಯ ವಿಶ್ರಾಂತಿ, ಒಬ್ಬರು ಮೈಮುಟ್ಟಿ ವಿಚಾರಿಸಿದ ಸಮಾಧಾನ, ಗುಣವಾಗುತ್ತದೆಂಬ ನಂಬಿಕೆ, ಇವೆಲ್ಲ ಸೇರಿ ನೋವನ್ನು ತಗ್ಗಿಸಿರಬೇಕು. ನೋವಿನ ಮಟ್ಟಿಗೆ ಅದೂ ಸಣ್ಣ ಲಾಭವಲ್ಲ. ಆದರೆ ನಂಬಿಕೆಗೂ ವಿಶ್ರಾಂತಿಗೂ ಶುಗರ್ ಮಾತ್ರೆಯ ಜಾಗ ತುಂಬಲಾಗದು. ನಮ್ಮ ಮನೆಯವರಿಗೆ ಇಷ್ಟನ್ನೇ ಹೇಳಿದೆ. ಮಂಡಿಗೆ ಬೇಕಾದರೆ ನಮ್ಮ ಡಾಕ್ಟರನ್ನು ಕೇಳಿ ಸೂಜಿ ಮಾಡಿಸೋಣ, ಮಾತ್ರೆ ಒಂದೂ ತಪ್ಪಬಾರದು. ಒಪ್ಪಿದರು.

ಹೋಗುವವರು ಕೆಲವು ವಿಷಯ ವಿಚಾರಿಸಿಕೊಳ್ಳಿ. ಚಿಕಿತ್ಸೆ ಕೊಡುವವರು ಏನು ಓದಿದ್ದಾರೆ? ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆದು, ಒಮ್ಮೆ ಬಳಸಿ ಎಸೆಯುತ್ತಾರೆಯೇ? ಬಳಸಿದ ಸೂಜಿಯಿಂದ ಕಾಮಾಲೆ ತರುವ ಹೆಪಟೈಟಿಸ್ ಬಿ ಹರಡಬಹುದು. ಎದೆಯ ಮೇಲೆ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಶುಗರ್ ಇರುವವರ ಪಾದಕ್ಕೆ ಮಾಕ್ಸಾ ಶಾಖ ಬೇಡ. ಪಾದ ಜೋಮು ಹಿಡಿದಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಶಾಖ ಬೇರೆ, ಬರೆ ಬೇರೆ. ಮಗುವಿಗೆ ಕಾಮಾಲೆ ಎಂದು ಬರೆ ಹಾಕಿಸುವವರು ಈಗಲೂ ಇದ್ದಾರೆ. ಅದನ್ನು ಯಾರೂ ಮಾಡಬಾರದು.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಗೆ ಚಿಕಿತ್ಸೆಯ ಕರಪತ್ರ ಬಂದರೆ ಅಜ್ಜ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. 'ಎಲ್ಲ ರೋಗಕ್ಕೂ' ಎಂದೋ 'ಮಾತ್ರೆ ಬಿಡಿ' ಎಂದೋ ಕಂಡಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಬ್ಯಾಂಕಿನಲ್ಲಿ ತಾಳೆಯಾಗದ ಲೆಕ್ಕಕ್ಕೆ ನಾವು ಮಾಡುತ್ತಿದ್ದದ್ದೂ ಅದನ್ನೇ.