ಕಾಲೇಜು ಪಕ್ಕದ ರೂಮು: ಲೆಕ್ಕ ಬಸ್ ನಿಲ್ದಾಣದಿಂದ ಶುರುವಾಗಲಿ

ಸಿಂಧನೂರಿನಲ್ಲಿ ಭತ್ತದ ದುಡ್ಡು ಕೈಸೇರಿದರೆ ಅದು ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು: ಟ್ರ್ಯಾಕ್ಟರ್, ಬಂಗಾರ, ಪ್ಲಾಟು. ಈಗ ಪ್ಲಾಟಿನಲ್ಲಿ ಸಾಲು ರೂಮು ಕಟ್ಟಿಸಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಆಸೆಯೂ ಸೇರಿಕೊಂಡಿದೆ. ಊರಲ್ಲಿ ಕಾಲೇಜುಗಳಿವೆ, 2024ರಲ್ಲಿ ರೈಲೂ ಬಂತು. ಇನ್ನೇನು ಬೇಕು ಎನ್ನುವವರು ಧಾರವಾಡದ ಕಡೆ ಬೆರಳು ತೋರಿಸುತ್ತಾರೆ.

ಧಾರವಾಡದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿಗೆ ಓದಲು ಬರುವವರಲ್ಲಿ ದೂರದ ಜಿಲ್ಲೆಗಳ ಮಕ್ಕಳು ಬಹಳ, ಅವರು ಉಳಿಯಲೇಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳಿಗೆ ಬರುವವರು ಹೆಚ್ಚಾಗಿ ಆಯಾ ತಾಲೂಕಿನ ಹಳ್ಳಿಗಳವರು. ಬೆಳಿಗ್ಗೆ ಬಸ್ ಸಿಕ್ಕರೆ ಬರುತ್ತಾರೆ, ಸಂಜೆ ಮನೆ ಸೇರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಆ ಪ್ರಯಾಣದ ಖರ್ಚೂ ಇಲ್ಲ. ಮಗಳನ್ನು ರೂಮಿನಲ್ಲಿ ಬಿಡಲು ಹಿಂಜರಿಯುತ್ತಿದ್ದ ಪಾಲಕರಿಗೆ ಇದು ದೊಡ್ಡ ಆಸರೆ. ರೂಮು ಕಟ್ಟಿಸುವವರು ಮೊದಲು ನೋಡಬೇಕಾದದ್ದು ಸಂಜೆಯ ಕೊನೆಯ ಬಸ್ ಯಾವ ಹಳ್ಳಿಯವರೆಗೆ ಹೋಗುತ್ತದೆ ಎಂಬುದನ್ನು. ಬಸ್ ಮುಟ್ಟದ ಊರಿನ ಮಕ್ಕಳೇ ನಿಜವಾದ ಬಾಡಿಗೆದಾರರು.

ಅವರು ಎಷ್ಟು ಕೊಡಬಲ್ಲರು? ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಗದಿದ್ದರೆ ನೆರವಾಗಲೆಂದು 2013-14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ನಿಗದಿ ಮಾಡಿದ್ದು ತಿಂಗಳಿಗೆ 1,500 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಊಟ, ವಸತಿ ಎರಡೂ ಅದರಲ್ಲೇ ಆಗಬೇಕು. ಹಾಗಾಗಿಯೇ ಮೂರ್ನಾಲ್ಕು ಹುಡುಗರು ಒಂದು ರೂಮು ಹಿಡಿದು, ಮನೆಯಿಂದ ಅಕ್ಕಿ-ಜೋಳ ತಂದು, ಕೈಯಡುಗೆ ಮಾಡಿಕೊಳ್ಳುವುದು.

ಒಬ್ಬರು ಜಾಗ ಸೇರಿ 30 ಲಕ್ಷ ಹಾಕಿ ಆರು ರೂಮು ಕಟ್ಟಿಸಿದರು ಎಂದುಕೊಳ್ಳೋಣ. ರೂಮಿಗೆ 2,500 ರೂಪಾಯಿಯಂತೆ ಹತ್ತು ತಿಂಗಳು ಎಲ್ಲವೂ ತುಂಬಿದರೆ ಬರುವುದು ಒಂದೂವರೆ ಲಕ್ಷ, ಅಂದರೆ ಶೇ 5. ಸುಣ್ಣ-ಬಣ್ಣ, ಆಸ್ತಿ ತೆರಿಗೆ, ಬೇಸಿಗೆಯ ಟ್ಯಾಂಕರ್ ನೀರು ಕಳೆದ ಮೇಲೆ ಬ್ಯಾಂಕಿನ ಠೇವಣಿಯ ಬಡ್ಡಿಯೇ ಹೆಚ್ಚೆನಿಸುತ್ತದೆ. ಸಾಲ ಮಾಡಿ ಕಟ್ಟಿಸಿದವರ ಪಾಡು ಇನ್ನೂ ಕಷ್ಟ. ಜಾಗದ ಬೆಲೆ ಏರುತ್ತದಲ್ಲ ಎಂಬ ಮಾತಿದೆ. ಕೃಷಿಯೇತರ ಬಳಕೆಗೆ ಪರಿವರ್ತನೆ (ಎನ್‌ಎ) ಆಗದ ಹೊಲದಲ್ಲಿ ಗೆರೆ ಎಳೆದು ಮಾರಿದ ಪ್ಲಾಟಾದರೆ ಆ ಭರವಸೆಯೂ ಗಟ್ಟಿಯಲ್ಲ.

ಇಲ್ಲಿಯ ಬಾಡಿಗೆಗೆ ಕಾಲುವೆಯ ನಂಟೂ ಇದೆ. ಫೀ, ಬಾಡಿಗೆ, ಮೆಸ್ ಬಿಲ್ಲು ಎಲ್ಲ ಹೊರಡುವುದು ತುಂಗಭದ್ರಾ ಎಡದಂಡೆಯ ಗದ್ದೆಗಳಿಂದ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು; ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಒಂದು ಬೆಳೆ ಹೋದ ಮನೆಯಲ್ಲಿ ಮಗನ ಬಾಡಿಗೆ ತಡವಾಗುವುದು ಸಹಜ. ಹೊಲಕ್ಕೆ ನೀರು ಬೇಕೆಂದು 5ಎ ಕಾಲುವೆಗಾಗಿ ಹೋರಾಡಿದ ಮಸ್ಕಿ ಭಾಗದ ಒಣಬೇಸಾಯದ ಮನೆಗಳಿಗಂತೂ ಮಳೆಯೇ ಗತಿ.

ತಿಂಗಳ ಬಾಡಿಗೆ ತಪ್ಪದೆ ಬರುವುದು ಸಂಬಳದವರಿಂದ. ಲಿಂಗಸುಗೂರು ಉಪವಿಭಾಗದ ಕೇಂದ್ರ, ಹಟ್ಟಿ ಚಿನ್ನದ ಗಣಿಯೂ ಅದೇ ತಾಲೂಕಿನಲ್ಲಿದೆ. ಮಸ್ಕಿ ಹೊಸ ತಾಲೂಕಾದ ಮೇಲೆ ಕಚೇರಿಗಳು ಬಂದವು, ಅವುಗಳ ಜೊತೆ ವರ್ಗವಾಗಿ ಬರುವ ನೌಕರರೂ ಬಂದರು. ಶಿಕ್ಷಕರು, ನರ್ಸ್‌ಗಳು, ಬ್ಯಾಂಕಿನವರು ಕೇಳುವುದು ಅಡುಗೆಮನೆ, ಸಂಪು, ಬೇರೆ ಮೀಟರು ಇರುವ ಎರಡು ಕೋಣೆಯ ಮನೆ. ಒಂಟಿ ರೂಮುಗಳ ಸಾಲಿಗಿಂತ ಅಂಥ ಎರಡು ಮನೆ ಕಟ್ಟಿಸುವುದು ಜಾಣತನ.

ವಿದ್ಯಾರ್ಥಿಗಳಿಗೇ ಕೊಡಬೇಕೆನ್ನುವವರು ಒಂದು ಪ್ರಶ್ನೆಯನ್ನು ಬಿಡಬೇಕು. 'ನೀವು ಯಾವ ಜನ?' ಎಂದು ಕೇಳಿ ಕೀಲಿಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಪದ್ಧತಿ ಇನ್ನೂ ಹೋಗಿಲ್ಲ. ಹಾಸ್ಟೆಲ್ ಸೀಟೂ ಸಿಗದೆ, ಊರಿಗೆ ಬಸ್ಸೂ ಇಲ್ಲದ ದಲಿತ ಹುಡುಗನೊಬ್ಬ ಆ ಬಾಗಿಲಿನಿಂದ ವಾಪಸಾದರೆ ಅವನ ಪದವಿಯೇ ಅರ್ಧಕ್ಕೆ ನಿಲ್ಲಬಹುದು. ಅತ್ತ ರೂಮೂ ಖಾಲಿ ಉಳಿಯುತ್ತದೆ. ಉಳಿಯಲೇಬೇಕಾದವರನ್ನೇ ದೂರವಿಟ್ಟ ಮನೆಮಾಲೀಕರು ಬೋರ್ಡು ತೂಗುಹಾಕಿ ಕಾಯುತ್ತಿರುವುದು ಸಂಜೆ ಬಸ್ ಹತ್ತಿ ಮನೆಗೆ ಹೋಗುವವರಿಗಾಗಿ.