ಕಲ್ಲಿನ ಚರ್ಮ ಸುಲಿಯುವ ಶುಚಿತ್ವ

ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಜೀರ್ಣೋದ್ಧಾರ. ಆದರೆ ಇಂದು ನಗರಗಳಲ್ಲಿ ಆ ಹೆಸರಿನಿಂದ ಎಷ್ಟೋ ಕಡೆ ನಡೆಯುತ್ತಿರುವುದು ಗಟ್ಟಿಯಾಗಿರುವ ಕಲ್ಲನ್ನು ಜೀರ್ಣಗೊಳಿಸುವ ಕಾರ್ಯ. ಕಂಬ ಕಪ್ಪಾಯಿತೆಂದು ಮರಳೆರಚುವ ಯಂತ್ರವನ್ನು ತರಿಸುತ್ತಾರೆ. ಅದೂ ಸಾಲದೆಂದು ಆಮ್ಲ ಸುರಿಯುತ್ತಾರೆ. ಸಂದುಗಳಿಗೆ ಸಿಮೆಂಟು ಮೆತ್ತಿ ಮೇಲೆ ಎಣ್ಣೆಬಣ್ಣ ಬಳಿಯುತ್ತಾರೆ. ಹೊಳಪು ನೋಡಿ ಎಲ್ಲರೂ ತಲೆದೂಗುತ್ತಾರೆ. ಇದು ಸೇವೆಯಲ್ಲ, ಅಪಚಾರ.

ಕಲ್ಲಿಗೆ ಏನಾದೀತು ಎನ್ನುವವರುಂಟು. ವೇಗವಾಗಿ ಬಡಿಯುವ ಮರಳು ಕೊಳೆಯನ್ನಷ್ಟೇ ತೆಗೆಯುವುದಿಲ್ಲ. ಶಿಲ್ಪಿಯ ಉಳಿಯ ಗುರುತನ್ನೂ ಶಾಸನದ ಅಕ್ಷರದ ಅಂಚನ್ನೂ ತಿನ್ನುತ್ತದೆ. ಒರಟಾದ ಮೈಯಲ್ಲಿ ಮರುವರ್ಷ ಮೊದಲಿಗಿಂತ ಹೆಚ್ಚು ಧೂಳು ಕೂರುತ್ತದೆ. ಆಮ್ಲವು ಕಲ್ಲಿನೊಳಗಿನ ಕಬ್ಬಿಣದ ಅಂಶವನ್ನು ಕದಡಿ ತುಕ್ಕಿನ ಕಲೆ ಎಬ್ಬಿಸುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆಗ ಲವಣಗಳು ಕಲ್ಲಿನ ಮೂಲಕವೇ ಹೊರಬಂದು ಮೈಯನ್ನು ಉದುರಿಸುತ್ತವೆ. ಇನ್ನು ಆ ಮರಳಿನ ಧೂಳನ್ನು ಉಸಿರಾಡುವ ಕೂಲಿಯವನ ಗತಿಯೇನು? ಅವನಿಗೆ ತಗಲುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. ದುಡಿಯುವವನ ಶ್ವಾಸಕೋಶವನ್ನು ತೆತ್ತು ಗೋಡೆ ಬೆಳಗಿಸುವುದು ಯಾವ ಧರ್ಮ?

ದೊಡ್ಡ ದೊಡ್ಡವರೇ ಈ ಮೋಹದಲ್ಲಿ ಎಡವಿದ್ದಾರೆ. ಅಥೆನ್ಸಿನ ಪಾರ್ಥೆನಾನ್ ಮಂದಿರದಿಂದ ಲಂಡನ್ನಿಗೆ ಒಯ್ದ ಶಿಲ್ಪಗಳನ್ನು 1937–38ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ತಾಮ್ರದ ಸಲಕರಣೆಗಳಿಂದ ಉಜ್ಜಿ ಕೆರೆದರು. ಬೆಳ್ಳಗೆ ಕಾಣಬೇಕೆಂಬ ದಾನಿಯೊಬ್ಬನ ಹಂಬಲಕ್ಕೆ ಶತಮಾನಗಳ ಮೈ ಬಲಿಯಾಯಿತು. ಅದೇ ಮಂದಿರದ ಕಲ್ಲುಗಳನ್ನು ಜೋಡಿಸುವಾಗ ಪ್ರಾಚೀನರು ಕಬ್ಬಿಣದ ಕೊಂಡಿಗಳಿಗೆ ಸೀಸ ಎರೆದು ಕಾಪಾಡಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುರಸ್ತಿಗಿಳಿದ ಬಲಾನೋಸ್ ಎಂಬ ಎಂಜಿನಿಯರು ಆ ಎಚ್ಚರವನ್ನು ಬಿಟ್ಟನು. ಕಬ್ಬಿಣ ತುಕ್ಕುಹಿಡಿದು ಉಬ್ಬಿತು, ಅಮೃತಶಿಲೆ ಸೀಳಿತು. 1975ರಲ್ಲಿ ನೇಮಕಗೊಂಡ ಸಮಿತಿಯ ಹೊಣೆಯಲ್ಲಿ ಆ ಕೊಂಡಿಗಳನ್ನು ಕಿತ್ತು ಟೈಟಾನಿಯಂ ಕೊಂಡಿಗಳನ್ನು ಹಾಕುತ್ತ ಬರಬೇಕಾಯಿತು. ಉದ್ಧಾರದ ತಪ್ಪನ್ನು ತಿದ್ದಲು ಮತ್ತೊಂದು ಉದ್ಧಾರ!

ಹಾಗಾದರೆ ಕೊಳೆಯನ್ನು ಹಾಗೆಯೇ ಬಿಡಬೇಕೆ? ಬೇಡ. ಆದರೆ ಕೊಳೆ ಎಲ್ಲಿಂದ ಬರುತ್ತದೆಂದು ಮೊದಲು ಕೇಳಬೇಕು. ಬೆಂಗಳೂರಿನ ಕೋಟೆ ವೆಂಕಟರಮಣ ದೇವಾಲಯದ ಬಳಿಯಲ್ಲೇ ಕೃಷ್ಣರಾಜೇಂದ್ರ ಮಾರುಕಟ್ಟೆಯ ವಾಹನಪ್ರವಾಹ ಹರಿಯುತ್ತದೆ. ಅಂಥ ಬೀದಿಯಲ್ಲಿ ಹೊಗೆಯನ್ನು ತಡೆಯದೆ ಗೋಡೆ ತೊಳೆಯುವುದೆಂದರೆ ಸೋರುವ ಮಾಡಿನ ಕೆಳಗೆ ನೆಲ ಒರಸಿದಂತೆ. ತಾಜಮಹಲಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 30ರಂದು ತೀರ್ಪಿತ್ತು, ಕಲ್ಲಿದ್ದಲು ಸುಡುವ ಸುತ್ತಲಿನ ಕಾರ್ಖಾನೆಗಳು ಅನಿಲಕ್ಕೆ ಬದಲಾಗಬೇಕು ಇಲ್ಲವೆ ಬೇರೆಡೆಗೆ ಹೋಗಬೇಕು ಎಂದಿತು. ಅಲ್ಲಿ ಕಲ್ಲನ್ನು ಶುಚಿಮಾಡುವುದು ಮುಲ್ತಾನಿ ಮಣ್ಣಿನ ಲೇಪದಿಂದ, ಮರಳಿನಿಂದಲ್ಲ.

ಭಕ್ತರು ಹೊಳಪನ್ನು ಬಯಸುತ್ತಾರೆ, ದಾನಿಗಳು ಬೇಗ ಮುಗಿಯಲೆನ್ನುತ್ತಾರೆ ಎಂಬುದು ಸಮಿತಿಗಳ ಸಮಾಧಾನ. ತಿಳಿಯದವರಿಗೆ ತಿಳಿಸುವುದೇ ಸಮಿತಿಯ ಕರ್ತವ್ಯವಲ್ಲವೆ? ವೃದ್ಧ ತಂದೆಯ ಸುಕ್ಕನ್ನು ಚರ್ಮ ಸುಲಿದು ತೆಗೆಯುವ ಮಗನನ್ನು ನಾವು ಮೆಚ್ಚುವೆವೆ?

ಈ ಮಠದಲ್ಲಿ ಓದಿ ಬೆಳೆದವರು ಇಂದು ಎಂಜಿನಿಯರುಗಳಾಗಿದ್ದೀರಿ, ಗುತ್ತಿಗೆದಾರರಾಗಿದ್ದೀರಿ, ಊರೂರಿನ ಸಮಿತಿಗಳಲ್ಲಿ ಇದ್ದೀರಿ. ಅಂದಾಜುಪಟ್ಟಿಗೆ ರುಜು ಹಾಕುವ ಮುನ್ನ ಕೇಳಿರಿ: ಇದು ಯಾವ ಜಾತಿಯ ಕಲ್ಲು? ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಪರೀಕ್ಷಿಸಿ ನೋಡಿದ್ದೀರಾ? ನೀರು, ಮೃದುವಾದ ಕುಂಚ, ತಾಳ್ಮೆ ಇವು ಸಾಲವೇಕೆ? ಪ್ರತಿಯೊಂದು ಕಲ್ಲಿನ ಛಾಯಾಚಿತ್ರವನ್ನು ಮೊದಲೇ ತೆಗೆದಿರಿಸಿದ್ದೀರಾ? ಉತ್ತರ ಬಾರದಿದ್ದಲ್ಲಿ ಕೆಲಸವನ್ನು ನಿಲ್ಲಿಸಿರಿ. ಕಪ್ಪಾದ ಕಲ್ಲನ್ನು ನಾಳೆಯೂ ತೊಳೆಯಬಹುದು. ಸವೆದುಹೋದ ಕೆತ್ತನೆಯನ್ನು ಯಾವ ದಾನಿಯೂ ಮರಳಿ ತರಲಾರನು.